ಲಗೇಜು ತಂಗಮ್ಮನ ಎರಡೂವರೆ ಬಸ್ಸು

ತಂಗಮ್ಮಕ್ಕನ ವಿಷಯ ಬರೆಯುವ ಮುಂಚೆ ಒಂದು ಮಾತು ಹೇಳಿಬಿಡುತ್ತೇನೆ: ನಾನು ಅವರ ಶಿಷ್ಯನಲ್ಲ, ಭಕ್ತನಂತೂ ಅಲ್ಲವೇ ಅಲ್ಲ. ನಾಲ್ಕು ವರ್ಷ ಒಂದೇ ಮೇಜಿನ ಆಚೆ ಅವರು, ಈಚೆ ನಾನು ಕೂತು ದಿನಕ್ಕೊಂದು ಜಗಳ ಆಡಿದವನು. ನನ್ನ ಹೆಸರು ಸಿದ್ದರಾಜು, ಪಿರಿಯಾಪಟ್ಟಣದ ಕಡೆಯವನು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಅವರು ಭಾಗಮಂಡಲದ ಆಚೆಯ ಅರೆಭಾಷೆ ಗೌಡರ ಮನೆಯವರು. ಸಿಟ್ಟು ಬಂದಷ್ಟೂ ಅವರ ದನಿ ತಗ್ಗುತ್ತಿತ್ತು. ನನ್ನ ಕೂಗಿಗೆ ಆಫೀಸಿನ ಬೆಕ್ಕೂ ಹೆದರುತ್ತಿರಲಿಲ್ಲ, ಅವರ ಆ ತಗ್ಗಿದ ದನಿಗೆ ಯಜಮಾನರೇ ಹೆದರುತ್ತಿದ್ದರು.

ಕೊಡಗು ಇನ್ನೂ ತನ್ನದೇ ರಾಜ್ಯವಾಗಿದ್ದ ಕಾಲ ಅದು. ಮಡಿಕೇರಿಯಲ್ಲಿ ನಿಶಾನಿ ಮೋಟಾರ್ ಸರ್ವಿಸ್ ಎಂಬ ನಮ್ಮ ಕಂಪೆನಿಗೆ ಮೂರು ಬಸ್ಸು, ಒಂದು ಶೆಡ್ಡು, ಒಂದು ಆಫೀಸು. ಆಫೀಸಿನ ಬಾಗಿಲ ಮೇಲೆ ಬಸ್ಸಿನ ಚಿತ್ರದ ದೊಡ್ಡ ಬೋರ್ಡು, ಪಕ್ಕದಲ್ಲಿ ವಿಮಾನದ ಚಿತ್ರದ ಚಿಕ್ಕ ಬೋರ್ಡು. ಕೊಡಗಿನಲ್ಲಿ ವಿಮಾನ ಇಳಿಯಲು ಅಂಗೈಯಗಲ ಸಮ ಜಾಗ ಇಲ್ಲದಿದ್ದರೂ ವಿಮಾನ ಹತ್ತುವ ಜನ ಇದ್ದರು. ತೋಟದ ಸಾಹೇಬರು, ರಜೆ ಮುಗಿಸಿ ಹೊರಡುವ ಮಿಲಿಟರಿ ಆಫೀಸರುಗಳು, ಅವರ ಹೆಂಡತಿ ಮಕ್ಕಳು. ಅವರಿಗೆ ಮಡಿಕೇರಿಯಲ್ಲೇ ಟಿಕೆಟ್ಟು ಬರೆದು, ಅವರ ಪೆಟ್ಟಿಗೆಗಳನ್ನು ಬಸ್ಸಿನಿಂದ ಮೈಸೂರಿಗೆ, ಅಲ್ಲಿಂದ ಬೆಂಗಳೂರಿಗೆ, ಅಲ್ಲಿಂದ ವಿಮಾನದ ಹೊಟ್ಟೆಗೆ ದಾಟಿಸುವುದು ನಮ್ಮ ಕೆಲಸ. ಟಿಕೆಟ್ಟು ನನ್ನದು, ಲಗೇಜು ಅವರದು.

ಅವರ ಗಂಡ ಇದೇ ಕಂಪೆನಿಯಲ್ಲಿ ಕಂಡಕ್ಟರಾಗಿದ್ದವರು. ಮಲೇರಿಯಾ ಬಂದು ತೀರಿಕೊಂಡಾಗ ಯಜಮಾನ ಸಾಂತಪ್ಪನವರು ಕನಿಕರಪಟ್ಟು ತಂಗಮ್ಮಕ್ಕನಿಗೆ ಲಗೇಜು ಕೋಣೆ ಗುಡಿಸುವ ಕೆಲಸ ಕೊಟ್ಟರು. ಗುಡಿಸುತ್ತ ಗುಡಿಸುತ್ತ ಅವರು ಸಾಹೇಬರ ಟ್ರಂಕುಗಳ ಮೇಲೆ ಅಂಟಿಸಿದ್ದ ಹಡಗಿನ ಚೀಟಿಗಳನ್ನು ನೋಡಿ ಇಂಗ್ಲಿಷು ಕಲಿತರು. ಅವರು ಮೊದಲು ಓದಿದ ಇಂಗ್ಲಿಷ್ ವಾಕ್ಯ "ದಿಸ್ ಸೈಡ್ ಅಪ್". ಹೇಳಿಕೊಟ್ಟವರು ಯಾರೂ ಇಲ್ಲ. ಐದು ವರ್ಷದಲ್ಲಿ ಪೊರಕೆ ಬಿಟ್ಟು ಪೆನ್ಸಿಲ್ ಹಿಡಿದರು. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಊರಿಗೆಲ್ಲ ಅವರು ಲಗೇಜು ತಂಗಮ್ಮ.

ಅವರದೊಂದು ಕ್ರಮ ಇತ್ತು. ಒಂದು ಪೆಟ್ಟಿಗೆ ಎಷ್ಟು ಕಡೆ ಕೈ ಬದಲಾಗುತ್ತದೋ ಅಷ್ಟು ಚೀಟಿ. ಬಸ್ಸಿಗೊಂದು, ರೈಲಿಗೊಂದು, ವಿಮಾನಕ್ಕೊಂದು. ಒಂದೊಂದು ಕಡೆ ಇಳಿಸಿಕೊಂಡವರು ಒಂದೊಂದನ್ನು ಹರಿದುಕೊಳ್ಳಬೇಕು. ಅದಲ್ಲದೆ ಮುಚ್ಚಳದ ಒಳಮೈಗೂ ಒಂದು ಚೀಟಿ ಅಂಟಿಸುತ್ತಿದ್ದರು, ಏಕೆಂದರೆ ನಮ್ಮ ಮಳೆಗೆ ಬಸ್ಸಿನ ಟಾಪಿನ ಮೇಲಿನ ಯಾವ ಅಕ್ಷರವೂ ಕುಶಾಲನಗರ ದಾಟುತ್ತಿರಲಿಲ್ಲ. "ಇಷ್ಟೆಲ್ಲ ಯಾಕಕ್ಕ, ಪೆಟ್ಟಿಗೆಯೇನು ಮದುವಣಗಿತ್ತಿಯಾ?" ಎಂದು ನಾನು ಚುಡಾಯಿಸುತ್ತಿದ್ದೆ. "ಮದುವಣಗಿತ್ತಿ ದಾರಿ ತಪ್ಪಿದ್ರೆ ಬಾಯಿಬಿಟ್ಟು ಕೇಳ್ತಾಳೆ, ಪೆಟ್ಟಿಗೆಗೆ ಬಾಯಿ ಉಂಟಾ?" ಎನ್ನುತ್ತಿದ್ದರು.

ಇಷ್ಟೆಲ್ಲ ಮಾಡಿದ ಹೆಂಗಸು ವಿಮಾನವನ್ನು ಹತ್ತಿರದಿಂದ ಒಮ್ಮೆಯೂ ನೋಡಿರಲಿಲ್ಲ. ಅದರ ವೇಳಾಪಟ್ಟಿ ಮಾತ್ರ ಬಾಯಿಪಾಠ.

ಐವತ್ತಮೂರರಲ್ಲಿ ಸರಕಾರ ವಿಮಾನ ಕಂಪೆನಿಗಳನ್ನೆಲ್ಲ ಸೇರಿಸಿ ಒಂದು ಮಾಡಿತಲ್ಲ, ಆ ಆಗಸ್ಟಿನಿಂದ ನಮ್ಮ ಆಫೀಸಿಗೆ ವಾರಕ್ಕೊಂದು ಕಾಗದ ಬರತೊಡಗಿತು. ಈ ಮಾರ್ಗಕ್ಕೆ ದೊಡ್ಡ ವಿಮಾನ, ಆ ಮಾರ್ಗಕ್ಕೆ ಚಿಕ್ಕ ಡಕೋಟ, ಮುಂದಿನ ವಾರ ಅದಲು ಬದಲು. ಇಂಥ ವಿಮಾನ ಇಂಥ ದಿನದಿಂದ ಇಷ್ಟು ಹೊತ್ತಿಗೆ. ನಾನು ತಲೆ ಕೆಟ್ಟು ಕಾಗದ ಎಸೆಯುತ್ತಿದ್ದೆ. ತಂಗಮ್ಮಕ್ಕ ಅದನ್ನು ಎತ್ತಿಕೊಂಡು, ಸಂಜೆ ಬಸ್ಸುಗಳೆಲ್ಲ ಬಂದ ಮೇಲೆ ಕೂತು, ಒಂದೊಂದೇ ಪದ ಬಿಡಿಸಿ ಓದಿ, ಕೆಂಪು ರಟ್ಟಿನ ಪುಸ್ತಕವೊಂದರಲ್ಲಿ ಅಂಟಿಸುತ್ತಿದ್ದರು. ಆ ಪುಸ್ತಕದಲ್ಲಿ ಇಲ್ಲದ ವಿಮಾನ ಆಕಾಶದಲ್ಲಿ ಹಾರಿದರೆ ಅದು ವಿಮಾನದ ತಪ್ಪು.

ಆ ತಿಂಗಳ ಕೊನೆಗೆ ಚೆಟ್ಟಳ್ಳಿಯ ಬೆಳ್ಯಪ್ಪ ಎಂಬವರು ಮಗಳು ಯಮುನಳನ್ನು ಕರೆದುಕೊಂಡು ಬಂದರು. ಬೆಳ್ಯಪ್ಪನವರದು ನಾಲ್ಕೆಕರೆ ಕಾಫಿ, ಸಾಹೇಬರ ಸಾಲಿನವರಲ್ಲ. ಹುಡುಗಿಗೆ ದೆಹಲಿಯಲ್ಲಿ ನರ್ಸಿಂಗ್ ಕಲಿಯಲು ಸೀಟು ಸಿಕ್ಕಿತ್ತು. ಮೊದಲು ಆರಿಸಿದವರೊಬ್ಬರು ಬಾರದೆ ಹೋದದ್ದರಿಂದ ಕೊನೇ ಗಳಿಗೆಯಲ್ಲಿ ಇವಳಿಗೆ ಬಂದದ್ದು. ಸೆಪ್ಟೆಂಬರ್ ಐದರ ಬೆಳಗ್ಗೆ ಹತ್ತು ಗಂಟೆಯೊಳಗೆ ಹಾಜರಾಗದಿದ್ದರೆ ಸೀಟು ಮುಂದಿನವರಿಗೆ ಹೋಗುತ್ತದೆ ಎಂದು ಕಾಗದದಲ್ಲಿ ಅಡಿಗೆರೆ ಎಳೆದು ಬರೆದಿದ್ದರು. ರೈಲಿನಲ್ಲಿ ಹೋದರೆ ಆಗುವ ಮಾತಲ್ಲ. ಸುಬೇದಾರರಾಗಿದ್ದ ಸೋದರಮಾವ ವಿಮಾನದ ಟಿಕೆಟ್ಟು ತೆಗೆಸಿಕೊಟ್ಟರು.

ನಾನು ಲೆಕ್ಕ ಹಾಕಿ ಹೇಳಿದೆ: ನಾಲ್ಕನೇ ತಾರೀಕು ಬೆಳಗಿನ ಐದರ ಬಸ್ಸಿಗೆ ಮಡಿಕೇರಿ ಬಿಟ್ಟರೆ ಮಧ್ಯಾಹ್ನ ಎರಡಕ್ಕೆ ಬೆಂಗಳೂರು. ಸಂಜೆ ಐದಕ್ಕೆ ಮದರಾಸಿನ ವಿಮಾನ. ಅಲ್ಲಿಂದ ರಾತ್ರಿ ಟಪಾಲು ವಿಮಾನ, ನಾಗಪುರದಲ್ಲಿ ಇನ್ನೊಂದಕ್ಕೆ ಬದಲಿ, ಐದರ ಬೆಳಗಿನ ಜಾವ ದೆಹಲಿ.

ಯಮುನ ನನ್ನನ್ನು ಬಿಟ್ಟು ತಂಗಮ್ಮಕ್ಕನನ್ನು ಕೇಳಿದಳು. "ಪೆಟ್ಟಿಗೆ ನನ್ನ ಜೊತೆಗೇ ಬರ್ತದಾ ಅಕ್ಕ? ಸರ್ಟಿಫಿಕೇಟು, ಪುಸ್ತಕ ಎಲ್ಲ ಅದ್ರಲ್ಲೇ ಉಂಟು."

"ಬರ್ತದೆ. ಮೂರು ಕಡೆ ಕೈ ಬದಲಾಗ್ತದೆ, ಮೂರು ಚೀಟಿ ಕಟ್ತೇನೆ. ನೀ ಹೋಗಿ ಹಬ್ಬ ಮಾಡು. ಪೆಟ್ಟಿಗೆ ನನ್ನ ಕೈಗೆ ಬಂತಲ್ಲ, ಇನ್ನು ಅದು ನನ್ನ ಚಿಂತೆ."

ಹಬ್ಬ ಎಂದರೆ ಕೈಲು ಮುಹೂರ್ತ, ಸೆಪ್ಟೆಂಬರ್ ಮೂರಕ್ಕೆ. ನಾಟಿ ಮುಗಿಸಿದ ಕೊಡಗಿನ ಜನ ನೇಗಿಲು, ಕತ್ತಿ, ಕೋವಿ ಎಲ್ಲವನ್ನೂ ತೊಳೆದು ಸಾಲಾಗಿ ಇಟ್ಟು ಹೂವು ಏರಿಸಿ ಪೂಜೆ ಮಾಡುವ ದಿನ. ನಿಶಾನಿ ಕಂಪೆನಿಯಲ್ಲೂ ಯಜಮಾನರ ಅಪ್ಪನ ಕಾಲದಿಂದ ಅದು ನಡೆದುಬಂದಿತ್ತು. ಹಿಂದಿನ ದಿನ ಸಂಜೆಯೇ ಶೆಡ್ಡಿನಲ್ಲಿ ಮಣೆ ಹಾಕಿ ಸ್ಪ್ಯಾನರು, ಜಾಕಿ, ಬಸ್ಸು ಸ್ಟಾರ್ಟ್ ಮಾಡುವ ಹ್ಯಾಂಡಲು ಎಲ್ಲ ಇಡುವುದು. ಹಬ್ಬದ ದಿನ ಬೆಳಗ್ಗೆ ಒಂದು ಬಸ್ಸು ಮಾತ್ರ ಮೈಸೂರಿಗೆ ಹೋಗುವುದು, ಅದರ ಹ್ಯಾಂಡಲು ಅದರಲ್ಲೇ; ಉಳಿದದ್ದು ರಜಾ. ಇಟ್ಟ ಹತ್ಯಾರನ್ನು ಮರುದಿನ ಬೆಳಗಿನವರೆಗೆ ಯಾರೂ ಮುಟ್ಟಬಾರದು. ತಂಗಮ್ಮಕ್ಕ ಇದಕ್ಕೆ ತಮ್ಮದೂ ಸೇರಿಸಿದ್ದರು. ಲಗೇಜಿನ ತಕ್ಕಡಿ, ಚೀಟಿಗೆ ತೂತು ಹಾಕುವ ಪಂಚು, ಕೆಂಪು ರಟ್ಟಿನ ಪುಸ್ತಕ. "ನೇಗಿಲು ಗೌಡನ ಹತ್ಯಾರು, ಇದು ನನ್ನ ಹತ್ಯಾರು." ನಾನು ನಕ್ಕಿದ್ದೆ. ಪೂಜೆಯ ಕಡುಬು ತಿನ್ನುವಾಗ ನಗಲಿಲ್ಲ, ಅದು ಬೇರೆ ಮಾತು.

ಎರಡನೇ ತಾರೀಕು ಸಂಜೆ ಅವರು ಸ್ನಾನ ಮಾಡಿ ಬಂದು ಪುಸ್ತಕಕ್ಕೆ ಗಂಧ ಹಚ್ಚಿ ಮಣೆಯ ಮೇಲೆ ಇಟ್ಟಾಗಿತ್ತು. ಆಗ ಅಂಚೆಯವನು ವಿಮಾನ ಕಂಪೆನಿಯ ಲಕೋಟೆ ತಂದುಕೊಟ್ಟ. ಬೇರೆ ದಿನವಾಗಿದ್ದರೆ ಒಡೆದು ಓದುತ್ತಿದ್ದರು. ಅಂದು ಮಡಿಯಲ್ಲಿದ್ದರು, ದೀಪ ಹಚ್ಚುವ ಹೊತ್ತು, ಪುಸ್ತಕ ದೇವರ ಮುಂದೆ ಇತ್ತು. ವಿಮಾನದ ಕಾಗದ ಎಂದರೆ ಪುಸ್ತಕದ್ದೇ ಭಾಗ, ಅದೂ ಪೂಜೆ ಮಾಡಿಸಿಕೊಳ್ಳಲಿ ಎಂದುಕೊಂಡು ಲಕೋಟೆಯನ್ನು ಹಾಗೆಯೇ ಪುಸ್ತಕದೊಳಗೆ ಇಟ್ಟು, ಹಬ್ಬದಲ್ಲಿ ಕೋವಿಗೆ ಸಿಕ್ಕಿಸುವ ಕೋವಿಹೂವೊಂದನ್ನು ಮೇಲಿಟ್ಟು ಕೈಮುಗಿದರು. ನಾನೂ ಅಲ್ಲೇ ನಿಂತಿದ್ದೆ. ಒಡೆದು ನೋಡಿ ಅಕ್ಕ ಎನ್ನಬಹುದಿತ್ತು. ಎನ್ನಲಿಲ್ಲ.

ಹಬ್ಬದ ದಿನ ಹನ್ನೊಂದೂವರೆಗೆ ತಂತಿ ಬಂತು, ಬೆಂಗಳೂರಿನ ಬುಕಿಂಗ್ ಆಫೀಸಿನಿಂದ. "ನಾಳೆ ಹನ್ನೊಂದರ ವಿಮಾನಕ್ಕೆ ಪ್ರಯಾಣಿಕರು ಯಮುನ ಹೊರಟರೇ? ತಿಳಿಸಿ."

"ಹನ್ನೊಂದಾ? ಐದು ಅಲ್ವಾ?" ಎಂದೆ ನಾನು.

ತಂಗಮ್ಮಕ್ಕ ತಂತಿಯನ್ನು ಎರಡು ಸಲ ಓದಿದರು. ಮುಖ ಬಿಳಿಚಿಕೊಂಡಿತು. ಎದ್ದು ಶೆಡ್ಡಿಗೆ ಹೋದರು, ನಾನು ಹಿಂದೆಯೇ ಓಡಿದೆ. ಮಣೆಯ ಮುಂದೆ ಒಂದು ಕ್ಷಣ ನಿಂತರು. ಆಮೇಲೆ ಬಗ್ಗಿ ಹೂವನ್ನು ಪಕ್ಕಕ್ಕೆ ಸರಿಸಿ, ಪುಸ್ತಕ ತೆಗೆದು, ಲಕೋಟೆ ಒಡೆದರು. ಅದರ ಮೂಲೆಗೆ ಗಂಧ ಅಂಟಿತ್ತು.

ಸೆಪ್ಟೆಂಬರ್ ನಾಲ್ಕರಿಂದ ಬೆಂಗಳೂರು ಮದರಾಸು ವಿಮಾನ ಸಂಜೆ ಐದರ ಬದಲು ಬೆಳಗ್ಗೆ ಹನ್ನೊಂದಕ್ಕೆ. ಆ ಮಾರ್ಗದ ದೊಡ್ಡ ವಿಮಾನವನ್ನು ಬೇರೆ ಕಡೆಗೆ ಹಾಕಿದ್ದಾರೆ, ಬದಲಿಗೆ ಡಕೋಟ. ಒಬ್ಬರಿಗೆ ನಲವತ್ತನಾಲ್ಕು ಪೌಂಡು ಲಗೇಜು, ಹೆಚ್ಚಿನದನ್ನು ಜಾಗ ಇದ್ದಾಗ ಹಿಂದಿನಿಂದ ಕಳಿಸಲಾಗುವುದು.

ಎಂದರೆ ನಾಳೆ ಐದರ ಬಸ್ಸಿಗೆ ಹೊರಟರೆ ಯಮುನ ಬೆಂಗಳೂರು ಮುಟ್ಟುವ ಹೊತ್ತಿಗೆ ವಿಮಾನ ಹೋಗಿ ಮೂರು ಗಂಟೆ ಆಗಿರುತ್ತದೆ. ಇವತ್ತೇ ಹೊರಡಬೇಕು, ರಾತ್ರಿಯ ಮೈಸೂರು ರೈಲು ಹಿಡಿಯಬೇಕು. ಹುಡುಗಿ ಚೆಟ್ಟಳ್ಳಿಯಲ್ಲಿ ಕಡುಬು ತಿನ್ನುತ್ತಿದ್ದಾಳೆ. ಬಸ್ಸು ಶೆಡ್ಡಿನಲ್ಲಿ ಹೂವು ಮುಡಿದು ನಿಂತಿದೆ.

"ಹೋಯ್ತು," ಎಂದೆ ನಾನು. ನನಗೆ ಸಿಟ್ಟು ಬಂದಿತ್ತು, ಯಾರ ಮೇಲೆ ಎಂದು ಗೊತ್ತಾಗದೆ ಕೂಗಾಡಿದೆ. "ಕಾಗದಕ್ಕೆ ಪೂಜೆ ಮಾಡೋರನ್ನ ನಾನೆಲ್ಲೂ ನೋಡ್ಲಿಲ್ಲ ಅಕ್ಕ! ಇನ್ನು ಅವಳ ಅಪ್ಪನಿಗೆ ಏನಂತ ಹೇಳ್ತೀರಿ?"

"ತಪ್ಪು ನಂದು," ಎಂದರು, ಬಹಳ ತಗ್ಗಿದ ದನಿಯಲ್ಲಿ. "ಅದನ್ನ ಆಮೇಲೆ ಬೈ. ಈಗ ಫೋನ್ ಹಚ್ಚು."

ಚೆಟ್ಟಳ್ಳಿಯ ಎಸ್ಟೇಟ್ ಆಫೀಸೊಂದರಲ್ಲಿ ಫೋನಿತ್ತು. ಅಲ್ಲಿ ಲೆಕ್ಕ ಬರೆಯುವ ರೈಟರ್ ಜಯಪ್ಪ, ಪುಣ್ಯಾತ್ಮ, ಹಬ್ಬದ ದಿನವೂ ಆಫೀಸಿನಲ್ಲೇ ಇದ್ದ. ತಂಗಮ್ಮಕ್ಕ ಫೋನಿನಲ್ಲಿ ಅರ್ಧ ಮಾತು ಕೂಡ ಹೆಚ್ಚು ಆಡಲಿಲ್ಲ. "ಬೆಳ್ಯಪ್ಪಣ್ಣನ ಮಗಳನ್ನ ನಿಮ್ಮ ಜೀಪಲ್ಲಿ ನಾಲ್ಕು ಗಂಟೆಗೆ ಮುಂಚೆ ಕುಶಾಲನಗರಕ್ಕೆ ತಂದುಬಿಡಿ. ಮಡಿಕೇರಿಗೆ ಬೇಡ, ಸುತ್ತು. ನಮ್ಮ ಎರಡೂವರೆ ಬಸ್ಸು ಅಲ್ಲಿ ಅವಳಿಗೆ ಕಾಯ್ತದೆ."

ಫೋನು ಇಟ್ಟ ಮೇಲೆ ನಾನು ಕೇಳಿದೆ, "ಯಾವ ಎರಡೂವರೆ ಬಸ್ಸು?"

"ಪಟ್ಟಿಯಲ್ಲಿ ಉಂಟಲ್ಲ."

ಗೋಡೆಯ ಮೇಲಿನ ಪಟ್ಟಿಯಲ್ಲಿ ಎರಡೂವರೆಯ ಮೈಸೂರು ಬಸ್ಸು ಇತ್ತು, ನಿಜ. ಕೈಲು ಹಬ್ಬಕ್ಕೆ ಅದು ಇಲ್ಲ ಎಂದು ಎಲ್ಲೂ ಬರೆದಿರಲಿಲ್ಲ. ಎಲ್ಲರಿಗೂ ಗೊತ್ತಿದ್ದದ್ದರಿಂದ ಯಾರೂ ಬರೆಯುವ ಗೋಜಿಗೆ ಹೋಗಿರಲಿಲ್ಲ. ಯಜಮಾನರನ್ನು ಕೇಳೋಣವೆಂದರೆ ಅವರು ಹಬ್ಬಕ್ಕೆ ಭಾಗಮಂಡಲದ ಆಚೆಯ ಹಳ್ಳಿಮನೆಗೆ ಹೋಗಿದ್ದರು, ಅಲ್ಲಿಗೆ ಫೋನೂ ಇಲ್ಲ, ಎರಡು ಗಂಟೆಯೊಳಗೆ ಹೋಗಿ ಬರುವ ದಾರಿಯೂ ಇಲ್ಲ.

ಡ್ರೈವರ್ ಪೂವಯ್ಯ ಶೆಡ್ಡಿನ ಹಿಂದಿನ ಮನೆಯಲ್ಲಿದ್ದ. ನಾವು ಹೋದಾಗ ಎಲೆ ಹಾಕಿಯಾಗಿತ್ತು, ಹಂದಿ ಸಾರಿನ ಪರಿಮಳ ಅಂಗಳಕ್ಕೇ ಬಂದಿತ್ತು, ಅವನ ಕೈಯಲ್ಲಿ ತುಂಬಿದ ಗ್ಲಾಸು. ತಂಗಮ್ಮಕ್ಕ ನೇರವಾಗಿ ಹೋಗಿ ಗ್ಲಾಸು ತೆಗೆದು ಜಗುಲಿಯ ಮೇಲಿಟ್ಟರು.

"ಕುಡಿದ್ಯಾ?"

"ಇಲ್ಲೆ, ಈಗಷ್ಟೆ..." ಪೂವಯ್ಯ ಕಕ್ಕಾಬಿಕ್ಕಿಯಾದ. "ಏನಾತ್ ತಂಗಮ್ಮಕ್ಕ?"

ಹೇಳಿದರು. ಕಾಗದವನ್ನು ಓದದೆ ಪೂಜೆಗಿಟ್ಟದ್ದನ್ನೂ ಮುಚ್ಚಲಿಲ್ಲ. ಪೂವಯ್ಯ ಕೇಳಿ ತಲೆ ಕೆರೆದುಕೊಂಡ. ಒಳ್ಳೆಯ ಮನುಷ್ಯ, ಆದರೆ ದೇವರು ದಿಂಡರು ಎಂದರೆ ಒಂದು ಹೆಜ್ಜೆ ಹಿಂದೆ.

"ಹ್ಯಾಂಡ್ಲು ಮಣೆ ಮೇಲುಟ್ಟು. ಪೂಜೆಗೆ ಇಟ್ಟದ್ನ ಇಂದ್ ಮುಟ್ಟಿಕೆ ಆದುಲೆ ಅಕ್ಕ. ವರ್ಷ ಇಡೀ ಆ ಬಸ್ಸಲ್ಲಿ ಘಾಟಿ ಇಳಿವಂವ ನಾ."

ಮುಟ್ಟಲಾಗದು ಎಂಬುದು ಪೊಳ್ಳು ಮಾತಲ್ಲ. ಸುಂಟಿಕೊಪ್ಪದ ತಿರುವುಗಳಲ್ಲಿ ಮಳೆಗಾಲದಲ್ಲಿ ಬಸ್ಸು ಓಡಿಸುವವನಿಗೆ ದೇವರ ಭಯ ಇರುವುದು ತಪ್ಪಲ್ಲ. ನಾನು ಬಾಯಿ ತೆರೆಯುವುದರೊಳಗೆ ತಂಗಮ್ಮಕ್ಕ ತಿರುಗಿ ಶೆಡ್ಡಿನ ಕಡೆ ನಡೆದರು. ಪೂವಯ್ಯ, ಅವನ ಹೆಂಡತಿ ಕಮಲ, ಕ್ಲೀನರು ಬೊಮ್ಮ, ನಾನು, ಎಲ್ಲರೂ ಹಿಂದೆ ಹೋದೆವು.

ಗಂಡ ಸತ್ತ ಹೆಂಗಸು ಪೂಜೆಯ ಮಣೆಯ ಹತ್ತಿರ ಹೋಗುವುದೇ ಆ ಕಾಲದಲ್ಲಿ ಹತ್ತು ಬಾಯಿಗೆ ಆಹಾರ. ಅವರು ಪ್ರತಿವರ್ಷ ತಮ್ಮ ಪುಸ್ತಕವನ್ನು ಮೂಲೆಯಲ್ಲಿಟ್ಟು ದೂರ ನಿಲ್ಲುತ್ತಿದ್ದರು. ಅಂದು ಮಣೆಯ ನಡುಮಧ್ಯಕ್ಕೆ ಹೋದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ನೆಲಕ್ಕೆ ಹಣೆ ಮುಟ್ಟಿಸಿ ಎದ್ದು, ಕುಂಕುಮ ಹಚ್ಚಿದ ಆ ಕಬ್ಬಿಣದ ಹ್ಯಾಂಡಲನ್ನು ಎರಡೂ ಕೈಯಲ್ಲಿ ಎತ್ತಿದರು.

"ಪಾಪ ಉಟ್ಟಾರೆ ಅದ್ ನಂಗೆ ಇರ್ಲಿ, ಪೂವಯ್ಯ. ಮಣೆಯಿಂದ ತೆಗ್ದದ್ದು ನಾನು. ನೀ ನನ್ನ ಕೈಯಿಂದ ತಕ್ಕೊಂಡೆ, ಅಷ್ಟೇ. ಹತ್ಯಾರನ್ನ ಪೂಜೆ ಮಾಡದು ಯಾಕೆ, ಬೇಕಾದಾಗ ಕೆಲ್ಸ ಕೊಡ್ಲಿ ಅಂತ ತಾನೆ? ಈಗ ಬೇಕಾಗಿದೆ."

ಕಮಲ ಗಂಡನ ಬೆನ್ನಿಗೆ ಮೆಲ್ಲಗೆ ತಿವಿದಳು. "ಹೋಗಿ. ಹೆಣ್ಣು ಮಗಳ ವಿಷ್ಯ. ಸಾರು ಬಂದ್ಮೇಲೂ ಇರ್ತದೆ."

ಪೂವಯ್ಯ ಕೈ ಚಾಚಿದ.

ಎರಡೂವರೆಗೆ ಸರಿಯಾಗಿ ಬಸ್ಸು ಹೊರಟಿತು, ಮೂತಿಯ ಮೇಲೆ ಹೂಮಾಲೆ, ಒಳಗೆ ಆರು ಜನ. ಅದರಲ್ಲಿ ಬಸ್ಸು ಇಲ್ಲವೆಂದು ವಾಪಸು ಹೋಗುತ್ತಿದ್ದ ಮೂವರನ್ನು ತಂಗಮ್ಮಕ್ಕನೇ ರಸ್ತೆಯಿಂದ ಕರೆದು ಹತ್ತಿಸಿದ್ದು. "ಪಟ್ಟಿಯ ಬಸ್ಸು, ಖಾಲಿ ಹೋಗ್ಬಾರ್ದು." ನನಗೂ ಹತ್ತು ಎಂದರು. ಮೈಸೂರಿನ ಸ್ಟೇಷನ್ನು ನನಗೆ ಗೊತ್ತು, ಅವರಿಗೆ ಗೊತ್ತಿಲ್ಲ ಎಂಬುದು ಕಾರಣ. ಯಮುನ ಆಫೀಸಿನಲ್ಲೇ ಬಿಟ್ಟುಹೋಗಿದ್ದ ಟ್ರಂಕನ್ನು ಟಾಪಿಗೆ ಹಾಕಲು ಬಿಡದೆ ಕಾಲ ಬಳಿ ಇಟ್ಟುಕೊಂಡರು. ತಕ್ಕಡಿಯನ್ನೂ ಮಣೆಯಿಂದ ಎತ್ತಿ ತಂದಿದ್ದರು.

ಕುಶಾಲನಗರದಲ್ಲಿ ಜೀಪು ಇರಲಿಲ್ಲ. ನಾಲ್ಕಾಯಿತು, ನಾಲ್ಕೂಕಾಲಾಯಿತು. ಹೊಳೆ ತುಂಬಿತ್ತು, ನೆಲ್ಯಹುದಿಕೇರಿಯ ಕಡೆ ರಸ್ತೆಯ ಮೇಲೆ ನೀರು ಬಂದಿದೆ ಎಂದು ಯಾರೋ ಅಂದರು. ಪ್ರಯಾಣಿಕರು ಗೊಣಗತೊಡಗಿದರು. ಇನ್ನು ಕಾದರೆ ರೈಲೂ ತಪ್ಪುತ್ತದೆ ಎಂದು ನಾನು ನಾಲ್ಕು ಸಲ ಹೇಳಿದೆ. ತಂಗಮ್ಮಕ್ಕ ಬಸ್ಸಿನ ಮುಂದೆ ರಸ್ತೆಯ ನಡುವೆ ನಿಂತುಬಿಟ್ಟರು. ಅವರನ್ನು ಹಾಯಿಸಿಕೊಂಡು ಹೋಗುವ ಧೈರ್ಯ ಪೂವಯ್ಯನಿಗೆ ಇರಲಿಲ್ಲ.

ನಾಲ್ಕೂವರೆಗೆ ಜೀಪು ಬಂತು, ಚಕ್ರದ ತುಂಬ ಕೆಸರು. ಬೆಳ್ಯಪ್ಪನವರೂ ಮಗಳೂ ಇಳಿದರು. ಅಪ್ಪ ಬೈಯಲು ಬಾಯಿ ತೆರೆದಿದ್ದರು. ತಂಗಮ್ಮಕ್ಕ ಮುಂಚೆಯೇ ಕೈಮುಗಿದರು. "ಕಾಗದ ನಿನ್ನೆಯೇ ಬಂದಿತ್ತು ಅಣ್ಣ. ನಾನು ಓದ್ಲಿಲ್ಲ. ಬೈಯೋದು ಬಾಕಿ ಇರ್ಲಿ. ಈಗ ಈ ಪೆಟ್ಟಿಗೆ ಬಿಚ್ಚಬೇಕು."

ಟ್ರಂಕನ್ನು ಅವರು ಬಸ್ಸಿನಲ್ಲೇ ತೂಗಿದ್ದರು. ಅರವತ್ತೊಂದು ಪೌಂಡು. ಹದಿನೇಳು ಪೌಂಡು ಇಳಿಯಬೇಕು, ಇಲ್ಲದಿದ್ದರೆ ಸರ್ಟಿಫಿಕೇಟು ಹಿಂದಿನಿಂದ ಎಂದೋ ಬರುತ್ತದೆ. ಬಸ್ಸಿನ ಮೆಟ್ಟಿಲ ಬಳಿ ಮುಚ್ಚಳ ತೆಗೆದರು. ಹುಡುಗಿಯ ತಾಯಿ ದೆಹಲಿಯಲ್ಲಿ ಅನ್ನವೇ ಸಿಗುವುದಿಲ್ಲ ಎಂದುಕೊಂಡಿರಬೇಕು. ಅಕ್ಕಿ ತರಿ, ಒಣಗಿಸಿದ ಹಂದಿ ಮಾಂಸ, ಎಳೆಬಿದಿರಿನ ಕಣಿಲೆ ಉಪ್ಪಿನಕಾಯಿಯ ಭರಣಿ, ಜೇನು, ಹಂದಿ ಸಾರಿಗೆ ಹಾಕುವ ಹುಳಿ ಕಾಚಂಪುಳಿಯ ಎರಡು ಬಾಟ್ಲಿ.

"ಅಮ್ಮ ಬೇಜಾರು ಮಾಡ್ಕೊಳ್ತಾರೆ," ಎಂದಳು ಯಮುನ. ಹಾಗೆಂದವಳೇ ಕೂತು, ಕಣ್ಣೊರೆಸಿಕೊಂಡು, ಒಂದೊಂದೇ ತೆಗೆದು ಅಪ್ಪನ ಕೈಗೆ ಕೊಟ್ಟಳು. ಪುಸ್ತಕಗಳ ಕಟ್ಟಿಗೆ ಬೆಳ್ಯಪ್ಪನವರು ಕೈ ಹಾಕಿದಾಗ ಮಾತ್ರ ತಡೆದಳು. "ಅದು ಬೇಡಪ್ಪ. ಬೇಕಿದ್ರೆ ಕಂಬಳಿ ತಕ್ಕೊಳ್ಳಿ." ಕೊನೆಗೆ ಒಂದು ಬಾಟ್ಲಿ ಕಾಚಂಪುಳಿ ಉಳಿಯಿತು, ಅರ್ಧ ಪೌಂಡು ಹೆಚ್ಚು. ತಂಗಮ್ಮಕ್ಕ ಅದನ್ನು ಎತ್ತಿ ಹುಡುಗಿಯ ಕೋಟಿನ ಜೇಬಿಗೆ ಇಳಿಸಿದರು. "ಮೈ ಮೇಲಿದ್ದದ್ದನ್ನ ಯಾರೂ ತೂಗಲ್ಲ."

ಬೆಳ್ಯಪ್ಪನವರು ಜೀಪಿನಲ್ಲಿ ಹಿಂತಿರುಗಿದರು. ನಾವು ಮೂವರು ಮೈಸೂರು ಮುಟ್ಟಿದಾಗ ರೈಲಿಗೆ ಹನ್ನೆರಡು ನಿಮಿಷ ಇತ್ತು. ಬೆಳಗ್ಗೆ ಬೆಂಗಳೂರು, ಒಂಬತ್ತೂವರೆಗೆ ವಿಮಾನ ನಿಲ್ದಾಣ. ಅಲ್ಲಿನ ತಕ್ಕಡಿ ನಲವತ್ತಮೂರೂವರೆ ಪೌಂಡು ತೋರಿಸಿತು. ಕೌಂಟರಿನ ಗುಮಾಸ್ತ ಟ್ರಂಕಿಗೆ ಕಟ್ಟಿದ್ದ ಮೂರು ಚೀಟಿಗಳನ್ನು ಒಂದೊಂದಾಗಿ ನೋಡಿದ: ಬೆಂಗಳೂರಿನಲ್ಲಿ ಹರಿಯಬೇಕಾದ್ದು, ಮದರಾಸಿನದು, ನಾಗಪುರದ್ದು. ಮುಚ್ಚಳದ ಒಳಗೂ ಒಂದಿದೆ ಎಂದು ತಂಗಮ್ಮಕ್ಕ ಹೇಳಿದರು.

"ನಾಗಪುರದಲ್ಲಿ ರಾತ್ರಿ ನಾಲ್ಕು ಕಡೆಯ ವಿಮಾನದ ಲಗೇಜು ಒಟ್ಟಿಗೆ ಇಳಿಯುತ್ತೆ," ಎಂದ ಅವನು. "ಎಲ್ಲರೂ ಹೀಗೆ ಕಟ್ಟಿ ಕಳಿಸಿದ್ರೆ ನಮ್ಮ ತಲೆನೋವು ಅರ್ಧ ಹೋಗ್ತಿತ್ತು. ನೀವು ಹುಡುಗಿಯ ತಾಯಿಯಾ?"

"ಅಲ್ಲ. ಲಗೇಜ್ ಕ್ಲಾರ್ಕು."

ಯಮುನ ಹೋಗುವಾಗ ಕಾಲು ಮುಟ್ಟಿ ನಮಸ್ಕರಿಸಿದಳು. ತಂಗಮ್ಮಕ್ಕ ಬೇಲಿಯ ಬಳಿ ನಿಂತು, ಟ್ರಂಕು ಡಕೋಟದ ಹೊಟ್ಟೆಯೊಳಗೆ ಹೋದದ್ದನ್ನು ಕಣ್ಣಾರೆ ಕಂಡ ಮೇಲೆಯೇ ತಲೆಯೆತ್ತಿ ವಿಮಾನವನ್ನು ನೋಡಿದರು. ಅದು ಏರಿ ಕಾಣದಾಗುವವರೆಗೂ ನೋಡಿದರು. ಆಮೇಲೆ ಗುಮಾಸ್ತನ ಬಳಿಗೆ ಹಿಂತಿರುಗಿ, ಇನ್ನು ಯಾವ ಯಾವ ವಿಮಾನ ಬದಲಾಗುತ್ತದೆ ಎಂದು ವಿಚಾರಿಸಿದರು. ಮುಂದೆ ದೊಡ್ಡ ವಿಮಾನ ತರಿಸುವ ಮಾತಿದೆ, ಆಗ ಮತ್ತೆ ಎಲ್ಲ ಟೈಮೂ ಬದಲು ಎಂದ ಅವನು. "ಬದಲಾಗ್ಲಿ. ದಿನ ಹತ್ರ ಇದ್ರೆ ಮಡಿಕೇರಿಗೆ ತಂತಿ ಕೊಡಿ, ಕಾಗದ ನಂಬಿ ಕೂರಕ್ಕಾಗಲ್ಲ," ಎಂದು ಹೇಳಿ ವಿಳಾಸ ಬರೆದುಕೊಟ್ಟರು.

ಐದನೇ ತಾರೀಕು ಸಂಜೆ ನಾವು ಮಡಿಕೇರಿಗೆ ಬಂದಾಗ ದೆಹಲಿಯ ತಂತಿ ಕಾದಿತ್ತು. "ಹತ್ತಕ್ಕೆ ಮೊದಲೇ ಸೇರಿದೆ. ಪೆಟ್ಟಿಗೆ ಸಹ." ನಾನು ಕುಣಿಯುವುದೊಂದು ಬಾಕಿ. ಆದರೆ ಯಜಮಾನರೂ ಬಂದು ಕಾದಿದ್ದರು.

ಸಾಂತಪ್ಪನವರು ಕೆಟ್ಟವರಲ್ಲ, ಹಠವಾದಿ. ಅವರ ಅಪ್ಪ ಹಾಕಿಕೊಟ್ಟ ಪೂಜೆ ಕೆಟ್ಟಿತ್ತು, ಅವರನ್ನು ಕೇಳದೆ ಅವರ ಬಸ್ಸು ಹೊರಟಿತ್ತು, ಹಳ್ಳಿಯವರೆಗೂ ಸುದ್ದಿ ಹೋಗಿ ನಾಲ್ಕು ಜನ ಕೇಳಿಯೂ ಆಗಿತ್ತು. "ಉಪ್ಪು ತಿಂದವರು ನೀರು ಕುಡೀಬೇಕು, ತಂಗಮ್ಮ. ತಪ್ಪಾಯ್ತು ಅಂತ ಬರೆದು ಕೊಡು," ಎಂದರು.

ತಂಗಮ್ಮಕ್ಕ ಕೂತು ಬರೆದರು. ಎರಡೇ ಸಾಲು. "ವಿಮಾನದ ಕಾಗದವನ್ನು ಓದದೆ ಪೂಜೆಗೆ ಇಟ್ಟದ್ದು ನನ್ನ ತಪ್ಪು. ಬಸ್ಸು ಹೊರಡಿಸಿದ್ದು ತಪ್ಪಲ್ಲ."

ಯಜಮಾನರು ಓದಿ ಕೆಂಪಾದರು. "ಎರಡನೇ ಸಾಲು ಹೊಡೆದು ಹಾಕು."

"ಹೊಡೆಯಲ್ಲ."

"ಹಾಗಾದ್ರೆ ಹೊಡೆಯೋವರೆಗೆ ಆಫೀಸಿನೊಳಗೆ ಕಾಲಿಡ್ಬೇಡ."

"ಸರಿ," ಎಂದರು ತಂಗಮ್ಮಕ್ಕ. ಬೀಗದ ಕೈ ಗೊಂಚಲನ್ನು ಮೇಜಿನ ಮೇಲಿಟ್ಟು ಹೋದರು. ಅವರಿಗೆ ಬೇರೆ ಆಸರೆ ಇರಲಿಲ್ಲ ಎಂದು ನನಗೆ ಗೊತ್ತಿತ್ತು. ಆ ರಾತ್ರಿ ನಾನು ಊಟ ಮಾಡಲಿಲ್ಲ.

ಮರುದಿನ ಬೆಳಗ್ಗೆ ಐದಕ್ಕೆ ನಾನು ಬಾಗಿಲು ತೆಗೆದರೆ ತಂಗಮ್ಮಕ್ಕ ಹೊರಗಿನ ಪ್ರಯಾಣಿಕರ ಬೆಂಚಿನ ಮೇಲೆ ಕೂತಿದ್ದಾರೆ. ತಲೆ ಬಾಚಿ, ಹೂವಿಲ್ಲದ ತುರುಬು ಬಿಗಿದು, ಮಡಿಲಲ್ಲಿ ಕೆಂಪು ರಟ್ಟಿನ ಪುಸ್ತಕ. "ಒಳಗೆ ಕಾಲಿಡ್ಬೇಡ ಅಂದದ್ದು. ಇದು ಹೊರಗೆ," ಎಂದರು. ಬೆಂಚು ಪ್ರಯಾಣಿಕರದ್ದು, ಅಲ್ಲಿ ಯಾರು ಬೇಕಾದರೂ ಕೂರಬಹುದು, ಯಜಮಾನರೂ ಏಳಿಸುವಂತಿಲ್ಲ.

ಮೂರು ದಿನ ಹೀಗೇ. ಬಂದವರು ಮೊದಲು ಬೆಂಚಿನ ಬಳಿ ನಿಲ್ಲುತ್ತಿದ್ದರು, ಆಮೇಲೆ ನನ್ನ ಬಳಿ ಬರುತ್ತಿದ್ದರು. ನಾಲ್ಕನೇ ದಿನ ಸಿದ್ದಾಪುರದ ಕಡೆಯ ಒಬ್ಬ ಕ್ಯಾಪ್ಟನ್ನರು ಬೆಂಚನ್ನು ದಾಟಿ ನೇರ ಒಳಗೆ ಬಂದು ಬೊಂಬಾಯಿಯ ವಿಮಾನ ಕೇಳಿದರು. ನಾನು ಪಟ್ಟಿ ನೋಡಿ ಬುಧವಾರ ಎಂದೆ.

"ಬುಧವಾರದ್ದು ಹೋದ ವಾರದಿಂದ ಗುರುವಾರ," ಎಂದು ಹೊರಗಿನಿಂದ ತಗ್ಗಿದ ದನಿ ಬಂತು. "ಡಕೋಟ. ನಲವತ್ತನಾಲ್ಕು ಪೌಂಡು. ಕೋವಿ ಪೆಟ್ಟಿಗೆ ಇದ್ರೆ ಬೇರೆ ಚೀಟಿ ಕಟ್ಬೇಕು, ಹೇಳು ಅವರಿಗೆ."

ಕ್ಯಾಪ್ಟನ್ನರು ನನ್ನನ್ನು ನೋಡಿದರು, ಬಾಗಿಲನ್ನು ನೋಡಿದರು, ಹೊರಗೆ ಹೋಗಿ ಬೆಂಚಿನ ತುದಿಯಲ್ಲಿ ಕೂತರು. ನನಗೆ ಅವಮಾನ ಆಗಬೇಕಿತ್ತು, ಖುಷಿಯಾಯಿತು. ಯಜಮಾನರು ಒಳಕೋಣೆಯಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಕ್ಯಾಪ್ಟನ್ನರು ಟಿಕೆಟ್ಟು ಬರೆಸಿಕೊಂಡು ಹೋಗುವವರೆಗೆ ಸುಮ್ಮನಿದ್ದು ಹೊರಗೆ ಬಂದರು. ಕೈಯಲ್ಲಿ ಆ ಎರಡು ಸಾಲಿನ ಕಾಗದ ಇತ್ತು. ಫೈಲು ಕೇಳಿ ತೆಗೆದುಕೊಂಡು, ತಾವೇ ಅದಕ್ಕೆ ತೂತು ಹಾಕಿ ಸೇರಿಸಿದರು.

"ಎರಡನೇ ಸಾಲು?" ಎಂದರು ತಂಗಮ್ಮಕ್ಕ ಬೆಂಚಿನಿಂದಲೇ.

"ಅದು ಅಲ್ಲೇ ಇರ್ಲಿ," ಎಂದರು ಸಾಂತಪ್ಪನವರು. ಆಮೇಲೆ ನನ್ನ ಮೇಲೆ ರೇಗಿದರು. "ಏನ್ ನೋಡ್ತಾ ನಿಂತಿದ್ದೀಯ? ಆ ಬೆಂಚನ್ನ ಒಳಗೆ ತಂದಿಡು!"

ನಾನು ಒಂದು ತುದಿ ಹಿಡಿದೆ, ಪೂವಯ್ಯ ಇನ್ನೊಂದು ತುದಿ. ತಂಗಮ್ಮಕ್ಕ ಏಳಲಿಲ್ಲ. ಪುಸ್ತಕ ಮಡಿಲಲ್ಲಿಟ್ಟುಕೊಂಡು, ಕೂತ ಹಾಗೆಯೇ ಒಳಗೆ ಬಂದರು.